ನೆರೆಗಿಂತ ಮುಂಚಿನ ಸುದ್ದಿ

ಕಪಿಲೆ 2018ರಲ್ಲಿ ಉಕ್ಕಿದಳು. ಮರುವರ್ಷದ ಆಗಸ್ಟ್‌ನಲ್ಲಿಯೂ ಉಕ್ಕಿ ನಂಜನಗೂಡಿನ ಸ್ನಾನಘಟ್ಟವನ್ನು ಮುಳುಗಿಸಿದಳು. ಆ ನೀರು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಲು ಹೊತ್ತು ಹಿಡಿಯುತ್ತದೆ. ಮೊಬೈಲಿನ ಸುದ್ದಿಯಾದರೋ ಕ್ಷಣಮಾತ್ರದಲ್ಲಿ ನರಸೀಪುರವನ್ನು ಮುಟ್ಟುತ್ತದೆ. ನೆರೆಗಿಂತ ಮುಂಚೆ ಎಚ್ಚರ ತಲುಪುವುದು ಈ ಕಾಲದ ಭಾಗ್ಯವೇ ಸರಿ. ಆದರೆ ಹಳೆಯ ನೆರೆಯ ಚಿತ್ರವೂ ಅದೇ ವೇಗದಲ್ಲಿ, ಇಂದಿನದೆಂಬ ಸೋಗಿನಲ್ಲಿ ಬರಬಲ್ಲುದು. ಅದನ್ನು ನಂಬಿ ಒಮ್ಮೆ ಮನೆ ಬಿಟ್ಟು ಓಡಿದವರು ಮರುಸಲ ನಿಜವಾದ ಎಚ್ಚರಿಕೆಗೂ ಕದಲಲಾರರು.

1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದಾಗ ನುಡಿಯುವವರು ಕೆಲವರು, ಕೇಳುವವರು ಹಲವರು. ಇಂದು ಕೇಳುಗನೇ ನುಡಿಗಾರ, ಹೊಣೆಯೂ ಅವನದೇ. ಎಲ್ಲಿ, ಎಂದು, ಕಂಡವರಾರು—ಈ ಮೂರನ್ನು ಕೇಳಿ ತಿಳಿದ ಮೇಲೆಯೇ ಸುದ್ದಿಯನ್ನು ಮುಂದೆ ಕಳುಹಿಸುವ ಪಾಠ ನಮ್ಮ ಶಾಲೆಗಳಲ್ಲಿ ಮೊದಲಾಗಲಿ.