ಓಟದ ತೀರ್ಪು

ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಎತ್ತಿನ ಗಾಡಿಯ ಓಟದಲ್ಲಿ, ಮೊದಲು ಗೆರೆ ದಾಟಿದ ಜೋಡಿ ಯಾವುದೆಂದು ಹೇಳುವವರ ಮೇಲೆ ಸೋತವರಿಗೆ ಅನುಮಾನ ಹುಟ್ಟುವುದು ಹೊಸದಲ್ಲ. ಯಂತ್ರಗಳ ಓಟದಲ್ಲಿ ಈ ತಂಟೆ ಇರಲಾರದೆಂದು ನಾವು ನಂಬಿದ್ದೆವು. 2021ರ ಡಿಸೆಂಬರ್ 12ರಂದು ಅಬುಧಾಬಿಯಲ್ಲಿ ನಡೆದ ಫಾರ್ಮುಲಾ ಒನ್ ಪಂದ್ಯವು ಆ ನಂಬಿಕೆಯನ್ನು ಕಳೆಯಿತು. 58 ಸುತ್ತುಗಳ ಓಟ. ಹ್ಯಾಮಿಲ್ಟನ್ನರು ಬಹಳ ಮುಂದಿದ್ದರು. ಕೊನೆಗೆ ಒಂದು ಕಾರು ಗೋಡೆಗೆ ಬಡಿಯಲು, ಎಲ್ಲರನ್ನೂ ನಿಧಾನಗೊಳಿಸುವ ರಕ್ಷಣೆಯ ಕಾರು ಬಂದಿತು. ಒಂದು ಸುತ್ತು ಹಿಂದುಳಿದಿದ್ದ ಎಂಟು ಕಾರುಗಳಲ್ಲಿ, ಹ್ಯಾಮಿಲ್ಟನ್ನರಿಗೂ ವರ್ಸ್ಟಾಪನ್ನರಿಗೂ ನಡುವೆ ಇದ್ದ ಐದನ್ನು ಮಾತ್ರ ಅಧಿಕಾರಿಯು ಮುಂದೆ ಬಿಟ್ಟರು, ಮಿಕ್ಕ ಮೂರನ್ನು ಬಿಡಲಿಲ್ಲ. ನಿಯಮದಂತೆ ಇನ್ನೊಂದು ಸುತ್ತು ಕಾಯಲೂ ಇಲ್ಲ. ಹೊಸ ಟೈರು ಹಾಕಿದ್ದ ವರ್ಸ್ಟಾಪನ್ನರು ಕಡೆಯ ಸುತ್ತಿನಲ್ಲಿ ಮುಂದಾಗಿ ವಿಶ್ವವಿಜೇತರಾದರು.

ರಕ್ಷಣೆಯ ಕಾರಿನ ಹಿಂದೆಯೇ ಓಟ ಮುಗಿದರೆ ನೋಡುವವರಿಗೆ ಬೇಸರವೆಂಬುದು ದಿಟ. ಆದರೆ ನಿಯಮವು ಕಠಿಣವಾದರೆ ಸೋತವನು ಸಹಿಸಿಯಾನು. ಐವರಿಗೊಂದು, ಮೂವರಿಗೊಂದು ಆದರೆ ಹೇಗೆ ತಾನೆ ಸಹಿಸುವನು? 2022ರ ಮಾರ್ಚಿಯಲ್ಲಿ ಹೊರಟ ಆಡಳಿತ ಸಂಸ್ಥೆಯ ವರದಿಯು ಇದು ಮನುಷ್ಯಸಹಜವಾದ ತಪ್ಪೆಂದೂ, ಅಧಿಕಾರಿಯ ಉದ್ದೇಶ ಶುದ್ಧವಾಗಿತ್ತೆಂದೂ ಹೇಳಿತು. ಫಲಿತಾಂಶ ಮಾತ್ರ ಹಾಗೆಯೇ ನಿಂತಿತು. ನಮ್ಮ ಗಾಡಿ ಓಟದ ಹಿರಿಯರು ಇದನ್ನು ಕೇಳಿದರೆ, ಆ ಜೋಡಿಯನ್ನು ಇನ್ನೊಮ್ಮೆ ಓಡಿಸಬಾರದಿತ್ತೇ ಎಂದಾರು.