ಇರುಳೂಟದ ಪಂಕ್ತಿ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ನಮ್ಮ ಹಿರಿಯರ ಅನುಭವದ ನುಡಿ. ಊಟವನ್ನೂ ಮಾತನ್ನೂ ಅವರು ಜೊತೆಯಾಗಿಯೇ ಹೇಳಿದ್ದಾರೆ. ಇವೆರಡೂ ಒಂದುಗೂಡುವ ಸ್ಥಳವೆಂದರೆ ಮನೆಯ ಇರುಳೂಟದ ಪಂಕ್ತಿ. ಬೆಳಗಾದರೆ ಒಬ್ಬರು ಹೊಲಕ್ಕೆ, ಒಬ್ಬರು ಕಚೇರಿಗೆ, ಮಕ್ಕಳು ಶಾಲೆಗೆ ಹೊರಟುಬಿಡುತ್ತಾರೆ. ಮನೆಮಂದಿಯೆಲ್ಲ ಒಬ್ಬರ ಮುಖವನ್ನೊಬ್ಬರು ನೆಮ್ಮದಿಯಿಂದ ನೋಡುವುದು ದೀಪ ಹಚ್ಚಿದ ಮೇಲೆಯೇ. ಆದರೆ ಇದೇ ಹೊತ್ತಿಗೆ ‘ಈ ರಾತ್ರಿ ಏನು ಅಡುಗೆ ಮಾಡಲಿ?’ ಎಂಬ ಪ್ರಶ್ನೆ ಅನೇಕ ತಾಯಂದಿರ ತಲೆಯ ಮೇಲಿನ ನಿತ್ಯದ ಹೊರೆಯಾಗಿದೆ. ದಿನವೂ ಅದೇ ಅನ್ನ, ಅದೇ ಸಾರು. ಉಣ್ಣುವವರಿಗೆ ಬೇಸರ, ಮಾಡುವವರಿಗೆ ದಣಿವು. ಈ ತಿಂಗಳು ಆ ಪ್ರಶ್ನೆಯನ್ನೇ ವಿಚಾರಿಸೋಣ.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯನ್ನು ಕಂಡವರು ಅದರ ಬಂಡೆಗುಡ್ಡಗಳನ್ನೂ ಹಳೆಯ ಪಾಳೆಯಗಾರರ ಕೋಟೆಯನ್ನೂ ಮರೆಯಲಾರರು. 2013ರಲ್ಲಿ ಅಲ್ಲಿಯ ಅರಣ್ಯ ಕರಡಿಧಾಮವೆಂದು ಘೋಷಿತವಾದ ಮೇಲೆ ಊರಿನ ಹೆಸರು ದೂರದವರಿಗೂ ತಿಳಿಯಿತು. ಆದರೆ ನಾಡಿನ ಜನಮನದಲ್ಲಿ ಈ ಊರಿಗೆ ಇನ್ನೊಂದು ಹಿರಿಮೆಯುಂಟು. ಒನಕೆ ಓಬವ್ವನ ತವರೂರು ಗುಡೇಕೋಟೆ ಎಂಬುದು ಈ ಸೀಮೆಯ ಐತಿಹ್ಯ. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿಯ ಸೈನ್ಯ ಚಿತ್ರದುರ್ಗವನ್ನು ಮುತ್ತಿದಾಗ ಆಕೆ ಒನಕೆ ಹಿಡಿದು ಕಿಂಡಿಯ ಬಳಿ ನಿಂತ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. 2021ರಿಂದ ರಾಜ್ಯ ಸರ್ಕಾರವು ನವೆಂಬರ್ 11ರಂದು ಆಕೆಯ ಜಯಂತಿಯನ್ನು ಆಚರಿಸುತ್ತಿದೆ.

ಆ ಕಥೆಯ ಮೊದಲ ದೃಶ್ಯವನ್ನು ಒಮ್ಮೆ ನೆನೆಯಿರಿ. ಗಂಡ ಊಟಕ್ಕೆ ಕುಳಿತಿದ್ದಾನೆ. ಮನೆಯಲ್ಲಿ ನೀರಿಲ್ಲ. ಬಡಿಸಿದ ಓಬವ್ವ ಕೊಡ ಹಿಡಿದು ನೀರಿಗೆ ಹೊರಡುತ್ತಾಳೆ. ಅಲ್ಲಿ ಶತ್ರುವಿನ ಸುಳಿವು ಸಿಗುತ್ತದೆ. ಉಣ್ಣುವ ಗಂಡನನ್ನು ಎಬ್ಬಿಸಬಾರದೆಂದು ತಾನೇ ಒನಕೆ ಎತ್ತಿಕೊಳ್ಳುತ್ತಾಳೆ. ಗಂಡ ಉಣ್ಣುತ್ತಿದ್ದನೆಂದು ಕಥೆ ಹೇಳುತ್ತದೆ. ಓಬವ್ವ ಉಂಡಿದ್ದಳೇ ಎಂಬುದನ್ನು ಯಾರೂ ಕೇಳಿಲ್ಲ. ಇಂದಿಗೂ ನಮ್ಮ ಬಹುಪಾಲು ಮನೆಗಳಲ್ಲಿ ಆ ಪ್ರಶ್ನೆಯನ್ನು ಕೇಳುವವರು ವಿರಳ. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದುದನ್ನು ಒಲೆಯ ಪಕ್ಕದಲ್ಲಿ ಕುಳಿತು ಉಣ್ಣುವುದು ಗೃಹಿಣಿಯ ಧರ್ಮವೆಂಬಂತೆ ನಡೆದುಬಂದಿದೆ. ಅದರ ಫಲವನ್ನು ಅಂಕಿಗಳು ಹೇಳುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷ ವಯಸ್ಸಿನ ಸ್ತ್ರೀಯರಲ್ಲಿ ಶೇಕಡ 47.8ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಇದಕ್ಕೆ ಕಾರಣಗಳು ಹಲವು. ಕಡೆಗೆ ಉಣ್ಣುವ, ಕಡಿಮೆ ಉಣ್ಣುವ ರೂಢಿಯೂ ಅವುಗಳಲ್ಲಿ ಒಂದು. ಆದ್ದರಿಂದ ಇರುಳೂಟಕ್ಕೆ ಹೊಸತನ ಬರಬೇಕಾದುದು ರುಚಿಯಲ್ಲಿ ಮಾತ್ರವಲ್ಲ, ಪಂಕ್ತಿಯಲ್ಲಿಯೂ ಹೌದು.

ಮೊದಲು ರುಚಿಯ ಮಾತು. ಹೊಸ ರುಚಿಗಾಗಿ ದೂರದ ಪೇಟೆಯನ್ನು ನೋಡಬೇಕಾಗಿಲ್ಲ. ಮಳೆ ಕಡಿಮೆಯಾದ ಕೂಡ್ಲಿಗಿ, ಕೊಟ್ಟೂರು ಸೀಮೆಯ ಹೊಲಗಳು ಜೋಳ, ರಾಗಿ, ಸಜ್ಜೆ, ನವಣೆ, ಶೇಂಗಾಗಳಿಗೆ ಹೆಸರಾದವು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ ಬಡವರ ಹಸಿವನ್ನು ನೀಗಿಸಿದ್ದು ನಿಜ. ಜೊತೆಗೆ ಅಕ್ಕಿ ಸುಲಭವಾಗಿ ದೊರೆತಂತೆ ಎರಡು ಹೊತ್ತೂ ಅನ್ನವೇ ಎಂಬ ಅಭ್ಯಾಸವೂ ಅನೇಕ ಮನೆಗಳಲ್ಲಿ ಬೆಳೆಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂತೆ 100 ಗ್ರಾಂ ಅಕ್ಕಿಯಲ್ಲಿ ನಾರಿನ ಅಂಶ ಸುಮಾರು 3 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ. ರಾಗಿಯಲ್ಲಿ ಸುಣ್ಣದ ಅಂಶ 350 ಮಿಲಿಗ್ರಾಂ ಮೀರಿದರೆ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಕೂಡ ಇಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಘೋಷಿಸಿತು. ಜಗತ್ತು ಹುಡುಕಿಕೊಂಡು ಬಂದ ಧಾನ್ಯ ನಮ್ಮ ಅಜ್ಜಿಯರ ಕಣಜದಲ್ಲಿಯೇ ಇತ್ತು.

‘ರೊಟ್ಟಿ ಬಡಿಯಲು ವೇಳೆಯೆಲ್ಲಿ?’ ಎಂದು ಕೇಳುವ ಸೊಸೆಯಂದಿರ ಮಾತಿನಲ್ಲಿ ಸತ್ಯವಿದೆ. ಗೋಧಿಹಿಟ್ಟಿನಲ್ಲಿರುವ ಅಂಟು ಜೋಳದ ಹಿಟ್ಟಿನಲ್ಲಿಲ್ಲ. ಬಿಸಿನೀರಿನಲ್ಲಿ ನಾದಿ, ಒಂದೊಂದಾಗಿ ತಟ್ಟಿ ಬೇಯಿಸಬೇಕು. ಹೊಲದಿಂದಲೋ ಕಚೇರಿಯಿಂದಲೋ ದಣಿದು ಬಂದವರಿಗೆ ಅದು ಸುಲಭವಲ್ಲ. ಅದಕ್ಕೆಂದೇ ಹಿರಿಯರು ಖಡಕ್ ರೊಟ್ಟಿಯನ್ನು ರೂಢಿಸಿದರು. ಬಿಡುವಿನ ಒಂದು ದಿನ ಮಾಡಿ ಒಣಗಿಸಿ ಇಟ್ಟರೆ ವಾರವಿಡೀ ಒದಗುತ್ತದೆ. ಅದೇ ದಿನ ಶೇಂಗಾ, ಗುರೆಳ್ಳು, ಅಗಸಿಗಳಲ್ಲಿ ಯಾವುದಾದರೂ ಎರಡು ಬಗೆಯ ಚಟ್ನಿಪುಡಿ ಕುಟ್ಟಿಟ್ಟುಕೊಂಡರೆ ಅರ್ಧ ಅಡುಗೆ ಮುಗಿದಂತೆಯೇ.

ಇನ್ನು ‘ಏನು ಮಾಡಲಿ’ ಎಂಬ ಚಿಂತೆಗೆ ಸರಳವಾದ ಉಪಾಯವೆಂದರೆ ದಿನಕ್ಕೊಂದು ಧಾನ್ಯವನ್ನು ಗೊತ್ತುಮಾಡುವುದು. ಒಂದು ದಿನ ಖಡಕ್ ರೊಟ್ಟಿ, ಮೊಳಕೆ ಬಂದ ಹೆಸರುಕಾಳಿನ ಉಸಲಿ, ಮೊಸರು. ಮರುದಿನ ರಾಗಿಮುದ್ದೆ, ಬೇಳೆಯನ್ನೂ ಸೊಪ್ಪನ್ನೂ ಒಟ್ಟಿಗೆ ಬೇಯಿಸಿ ಬಸಿದರೆ ಕಟ್ಟು ಸಾರಿಗಾಯಿತು, ಉಳಿದುದು ಪಲ್ಯಕ್ಕಾಯಿತು, ಒಂದೇ ಪಾತ್ರೆಯಲ್ಲಿ ಎರಡು ಅಡುಗೆ. ಮೂರನೆಯ ದಿನ ನವಣೆ ಅನ್ನ. ಅರ್ಧ ಗಂಟೆ ನೆನೆಸಿ, ಒಂದು ಅಳತೆಗೆ ಎರಡೂವರೆ ಅಳತೆ ನೀರಿಟ್ಟರೆ ಹದವಾಗಿ ಬೇಯುತ್ತದೆ. ಅದಕ್ಕೆ ಬದನೆಕಾಯಿ ಎಣ್ಣೆಗಾಯಿ ಒಳ್ಳೆಯ ಜೊತೆ. ನಾಲ್ಕನೆಯ ದಿನ ಜೋಳದ ನುಚ್ಚು, ಮಜ್ಜಿಗೆ, ಚಟ್ನಿಪುಡಿ. ಬೇಸಿಗೆಯ ರಾತ್ರಿಗೆ ಇದಕ್ಕಿಂತ ಹಿತವಾದುದಿಲ್ಲ. ಐದನೆಯ ದಿನ ಅನ್ನವೇ ಇರಲಿ, ಜೊತೆಗೆ ಪುಂಡಿಸೊಪ್ಪಿನ ಪಲ್ಯವೋ ನುಗ್ಗೆಸೊಪ್ಪಿನ ಪಲ್ಯವೋ ಇರಲಿ. ಸೋಮವಾರ ಒಪ್ಪತ್ತು ಹಿಡಿಯುವ ಮನೆಯವರು ಆ ದಿನವನ್ನು ಬಿಟ್ಟು ಎಣಿಸಿಕೊಳ್ಳಬಹುದು. ಧಾನ್ಯ ಗೊತ್ತಿದ್ದರೆ ಕಾಳನ್ನು ಬೆಳಿಗ್ಗೆಯೇ ನೆನೆಹಾಕಬಹುದು. ಸಂಜೆ ಯೋಚಿಸುವ ಶ್ರಮ ಉಳಿಯುತ್ತದೆ. ಕಾಳು, ಸೊಪ್ಪುಗಳ ಪಲ್ಯಕ್ಕೆ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಅವುಗಳಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಊಟದ ಹಿಂದುಮುಂದೆಯೇ ಚಹಾ ಕುಡಿದರೆ ಆ ಲಾಭ ಕುಗ್ಗುತ್ತದೆ.

ಆದರೆ ಎಷ್ಟೇ ಬಗೆ ಮಾಡಿದರೂ ಒಬ್ಬಳೇ ಬೇಯಿಸಿ, ಒಬ್ಬಳೇ ಬಡಿಸಿ, ಒಬ್ಬಳೇ ತೊಳೆಯುವಲ್ಲಿ ಹೊಸತನ ನಾಲ್ಕು ದಿನವೂ ಉಳಿಯದು. ಮಠಗಳ ಪ್ರಸಾದನಿಲಯದಲ್ಲಿ ಬೆಳೆದವರಿಗೆ ಇದರ ಮರ್ಮ ಗೊತ್ತು. ಅಲ್ಲಿ ಒಬ್ಬ ಕಾಯಿಪಲ್ಯ ಹೆಚ್ಚಿದರೆ ಇನ್ನೊಬ್ಬ ನೀರು ತರುತ್ತಾನೆ, ಮತ್ತೊಬ್ಬ ಬಡಿಸುತ್ತಾನೆ. ಪಂಕ್ತಿಗೆಲ್ಲ ಬಡಿಸಿ ಮುಗಿಯುವವರೆಗೆ ಯಾರೂ ತುತ್ತೆತ್ತುವುದಿಲ್ಲ. ಅದು ಕೇವಲ ಶಿಸ್ತಲ್ಲ. ಹಂಚಿಕೊಂಡು ಉಣ್ಣುವ ಅನ್ನವೇ ಪ್ರಸಾದವೆಂಬ ಅರಿವು ಅದರ ಹಿಂದಿದೆ. ದುಡಿಮೆಯಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಶರಣರ ಮಕ್ಕಳು ನಾವು. ಕಾಯಕದ ಹಿರಿಮೆಯನ್ನು ಸಭೆಯಲ್ಲಿ ಕೊಂಡಾಡಿ, ಮನೆಗೆ ಬಂದು ‘ಊಟಕ್ಕೆ ಹಾಕು’ ಎಂದು ಕೂಗಿ ಕುಳಿತುಬಿಟ್ಟರೆ ಆ ಮಾತಿಗೆ ಬೆಲೆಯೇನು?

ಆದಕಾರಣ ಯಜಮಾನರಲ್ಲಿ ನನ್ನ ಬಿನ್ನಹವಿಷ್ಟೆ. ನಾಳೆ ಇರುಳು ಸೊಪ್ಪು ಸೋಸುವ ಕೆಲಸ ನಿಮ್ಮದಾಗಲಿ. ಮಗ ತಟ್ಟೆ ಹಾಕಲಿ, ಮಗಳು ನೀರಿಡಲಿ. ಮುಂದಿನ ವಾರ ಅವರ ಕೆಲಸ ಅದಲುಬದಲಾಗಲಿ. ದೂರದರ್ಶನವೂ ಮೊಬೈಲೂ ಅರ್ಧ ಗಂಟೆ ಮೌನವಾಗಿರಲಿ. ಅಜ್ಜ ತನ್ನ ಕಾಲದ ಬರಗಾಲದ ಕಥೆ ಹೇಳಲಿ, ಮೊಮ್ಮಗ ಶಾಲೆಯ ಸುದ್ದಿ ಹೇಳಲಿ. ರೊಟ್ಟಿ, ಪಲ್ಯ, ಸಾರಿನ ಪಾತ್ರೆಗಳನ್ನೆಲ್ಲ ಪಂಕ್ತಿಯ ನಡುವೆಯೇ ಇಟ್ಟುಕೊಂಡರೆ ಯಾರೂ ಮತ್ತೆಮತ್ತೆ ಏಳಬೇಕಾಗಿಲ್ಲ. ಬೇಕಾದವರು ಬಡಿಸಿಕೊಳ್ಳಬಹುದು.

ತಾಯಂದಿರೇ, ನಿಮ್ಮಲ್ಲಿಯೂ ಒಂದು ಮಾತು. ಕೊನೆಯಲ್ಲಿ ಉಣ್ಣುವುದೇ ತ್ಯಾಗವೆಂದು ಭಾವಿಸಬೇಡಿರಿ. ನಿಮ್ಮ ತಟ್ಟೆಯನ್ನೂ ಎಲ್ಲರ ತಟ್ಟೆಯೊಡನೆಯೇ ಹಾಕಿರಿ. ಬಿಸಿ ಮುದ್ದೆ, ಹಸಿರು ಪಲ್ಯ ನಿಮಗೂ ಬಡಿಸಿರಲಿ. ಅತ್ತೆಯಾದವರು ‘ನೀನೂ ಕುಳಿತುಕೋ ತಾಯಿ’ ಎಂದು ಸೊಸೆಯನ್ನು ಕರೆದರೆ ಆ ಮನೆಯ ಊಟಕ್ಕೆ ಬೇರೆ ಒಗ್ಗರಣೆ ಬೇಡ. ಬಡಿಸಿದ ಕೈಯೂ ಉಣ್ಣುವ ಪಂಕ್ತಿಯೇ ಪೂರ್ಣವಾದ ಪಂಕ್ತಿ. ಅಂಥ ದಾಸೋಹ ಮೊದಲು ನಮ್ಮ ನಮ್ಮ ಮನೆಗಳಲ್ಲಿ ನೆಲೆಗೊಳ್ಳಲಿ.