ಚಾರ್ಟ್ ಎರಡನೇ ದಿನ ಬರಲಿ

ಅಭ್ಯಾಸ ಬೋಧನೆಯಲ್ಲಿ ನಾನು ಎಂಟನೇ ತರಗತಿಗೆ ಸೌರವ್ಯೂಹದ ಪಾಠವನ್ನು ಎರಡು ಸಲ ಮಾಡಿದೆ. ಮೊದಲ ಸಲ ‘ಎ’ ವಿಭಾಗಕ್ಕೆ, ಥರ್ಮೋಕೋಲ್ ಚೆಂಡುಗಳ ಮಾದರಿ ಮತ್ತು ಬಣ್ಣದ ಚಾರ್ಟ್ ಇಟ್ಟುಕೊಂಡು. ಎರಡನೇ ಸಲ ‘ಬಿ’ ವಿಭಾಗಕ್ಕೆ, ಶಾಲೆಯ ಮೈದಾನದಲ್ಲಿ, ಒಂದು ಫುಟ್‌ಬಾಲ್ ಮತ್ತು ಅಡುಗೆಮನೆಯ ಕಾಳುಗಳಿಂದ. ಮೊದಲ ಪಾಠಕ್ಕೆ ಒಳ್ಳೆಯ ಅಂಕ ಬಂತು. ಎರಡನೆಯದರ ವೀಕ್ಷಣಾ ಹಾಳೆಯಲ್ಲಿ ‘ಬೋಧನೋಪಕರಣ ಬಳಸಿಲ್ಲ, ತರಗತಿ ನಿರ್ವಹಣೆ ಸುಧಾರಿಸಬೇಕು’ ಎಂಬ ಷರಾ ಇತ್ತು. ಬೇಸರವಾದದ್ದು ನಿಜ. ಆದರೆ ಇದನ್ನು ಬರೆಯುತ್ತಿರುವುದು ಅಂಕಕ್ಕಾಗಿ ಅಲ್ಲ. ಹೆಚ್ಚು ಅಂಕ ಬಂದ ಪಾಠದಲ್ಲಿ ನಾನು ಮಕ್ಕಳಿಗೆ ತಪ್ಪು ಕಲಿಸಿದ್ದೆ ಎಂಬುದು ನನ್ನ ವಾದ.

ಮೊದಲ ಪಾಠ ಯೋಜನೆಯಂತೆಯೇ ನಡೆಯಿತು. ಪೂರ್ವಜ್ಞಾನ ಪರೀಕ್ಷೆ, ವಿಷಯ ಘೋಷಣೆ, ಚಾರ್ಟ್ ಪ್ರದರ್ಶನ, ಪುನರಾವರ್ತನೆ. ಬುಧನಿಂದ ನೆಪ್ಚೂನ್‌ವರೆಗೆ ಎಂಟೂ ಹೆಸರನ್ನು ಮಕ್ಕಳು ಒಕ್ಕೊರಲಿನಿಂದ ಹೇಳಿದರು. (ಶಾಲೆಯ ಉಗ್ರಾಣದಲ್ಲಿ ಸಿಕ್ಕಿದ ಹಳೆಯ ಚಾರ್ಟಿನಲ್ಲಿ ಪ್ಲೂಟೊ ಇನ್ನೂ ಒಂಬತ್ತನೇ ಗ್ರಹವಾಗಿ ಕುಳಿತಿತ್ತು. 2006ರಲ್ಲಿ ಅದನ್ನು ಕುಬ್ಜ ಗ್ರಹವೆಂದು ಮಾಡಿದ ಸುದ್ದಿ ಉಗ್ರಾಣಕ್ಕೆ ತಲುಪಿರಲಿಲ್ಲ. ಅದಕ್ಕೇ ಹೊಸ ಚಾರ್ಟ್ ಬರೆದಿದ್ದೆ.)

ಮರುದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: “ಮಿಸ್, ಗುರು ಭೂಮಿಗಿಂತ ಹನ್ನೊಂದು ಪಟ್ಟು ದೊಡ್ಡದು ಅಂದ್ರಿ. ಚಾರ್ಟಲ್ಲಿ ಮಂಗಳದ ಪಕ್ಕದಲ್ಲೇ ಇದೆ. ಮತ್ತೆ ರಾತ್ರಿ ಯಾಕೆ ಚುಕ್ಕಿ ಥರ ಕಾಣುತ್ತೆ? ಚಂದ್ರನಷ್ಟಾದ್ರೂ ಕಾಣಬೇಕಲ್ವಾ?”

“ತುಂಬಾ ದೂರ ಇದೆ ಕಣೋ” ಎಂದೆ. ಅವನು ಚಾರ್ಟ್ ನೋಡಿದ, ನನ್ನನ್ನು ನೋಡಿದ, ಕುಳಿತ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ ನನಗೆ ದೂರದ ಅಂಕಿ ಗೊತ್ತಿತ್ತು, ಆದರೆ ಆ ದೂರ ಎಷ್ಟೆಂದು ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ಅವನ ತರ್ಕದಲ್ಲಿ ತಪ್ಪಿರಲಿಲ್ಲ, ತಪ್ಪಿದ್ದದ್ದು ನಾನು ಬರೆದ ಚಾರ್ಟಿನಲ್ಲಿ.

ಚಾರ್ಟನ್ನು ಸರಿಯಾದ ಅಳತೆಯಲ್ಲಿ ಬರೆಯಲು ಆಗುವುದೇ ಇಲ್ಲ. ಸೂರ್ಯನಿಂದ ನೆಪ್ಚೂನ್ ಸುಮಾರು 450 ಕೋಟಿ ಕಿ.ಮೀ. ದೂರದಲ್ಲಿದೆ. ಅದನ್ನು 30 ಸೆಂ.ಮೀ.ಗೆ ಇಳಿಸಿದರೆ 13.9 ಲಕ್ಷ ಕಿ.ಮೀ. ವ್ಯಾಸದ ಸೂರ್ಯನೇ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದಾಗುತ್ತಾನೆ, ಭೂಮಿ ಕಣ್ಣಿಗೇ ಕಾಣುವುದಿಲ್ಲ. ಹಾಗಾಗಿ ಪಠ್ಯಪುಸ್ತಕದ ಚಿತ್ರವನ್ನು ನಾನು ದೂರುವುದಿಲ್ಲ. ಚಿತ್ರದಲ್ಲಿ ಗಾತ್ರವೂ ಸರಿಯಿಲ್ಲ, ದೂರವೂ ಸರಿಯಿಲ್ಲ ಎಂದು ಬಾಯಿಬಿಟ್ಟು ಹೇಳದೆ ಪಾಠ ಮುಗಿಸುವವರು ನಾವು.

‘ಬಿ’ ವಿಭಾಗಕ್ಕೆ ಹೋಗುವ ಮುನ್ನ ಲೆಕ್ಕ ಹಾಕಿದೆ. ಭೂಮಿಯ ವ್ಯಾಸ 12,742 ಕಿ.ಮೀ. ಅದನ್ನು 2 ಮಿ.ಮೀ.ನ ಸಾಸಿವೆ ಕಾಳು ಎಂದುಕೊಂಡರೆ, 109 ಪಟ್ಟು ಅಗಲದ ಸೂರ್ಯ ಸುಮಾರು 22 ಸೆಂ.ಮೀ. ಆಗುತ್ತಾನೆ, ಸರಿಯಾಗಿ ಒಂದು ಫುಟ್‌ಬಾಲ್. ಸಾಸಿವೆಗೂ ಫುಟ್‌ಬಾಲಿಗೂ ನಡುವೆ ಇರಬೇಕಾದದ್ದು ಇಪ್ಪತ್ತಮೂರೂವರೆ ಮೀಟರ್. ಹಾಳೆಗೆ ಅಂಟಿಸಿದ ಸಾಸಿವೆಯನ್ನು ಕೈಗೆ ಕೊಟ್ಟು, “ಎಲ್ಲಿ ನಿಲ್ಲಬೇಕು ಅಂತ ನೀವೇ ಹೇಳಿ” ಎಂದಾಗ ಹೆಚ್ಚಿನ ಮಕ್ಕಳು ಚೆಂಡಿನಿಂದ ಒಂದೆರಡು ಹೆಜ್ಜೆಯಲ್ಲೇ ನಿಂತರು. ಇದು ಚಾರ್ಟ್ ಕಲಿಸಿದ ಪಾಠ. ದೈಹಿಕ ಶಿಕ್ಷಕರ ಟೇಪಿನಿಂದ ಅಳೆಯುತ್ತಾ ಹೋದಂತೆ ಗದ್ದಲ ಹೆಚ್ಚಿತು, ವೀಕ್ಷಕರ ಷರಾ ಬಂದದ್ದು ಇಲ್ಲಿಯೇ ಇರಬೇಕು.

ಬುಧ ಗಸಗಸೆ ಕಾಳು, 9 ಮೀಟರಿನಲ್ಲಿ. ಶುಕ್ರ ಇನ್ನೊಂದು ಸಾಸಿವೆ, 17ರಲ್ಲಿ. ಮಂಗಳ ರಾಗಿ ಕಾಳು, 36ರಲ್ಲಿ. ಚಂದ್ರನಿಗೆ ಒಂದು ಹರಳು ಸಣ್ಣ ರವೆ, ಭೂಮಿಯಿಂದ ಬರೀ 6 ಸೆಂ.ಮೀ. ಆಚೆ. ಮನುಷ್ಯ ಇದುವರೆಗೆ ಕಾಲಿಟ್ಟ ಅತಿ ದೂರದ ನೆಲ ಆ ರವೆಯ ಹರಳು ಎಂದಾಗ ಮಕ್ಕಳು ಬಗ್ಗಿ ಬಗ್ಗಿ ನೋಡಿದರು. ಮೈದಾನ ಅಲ್ಲಿಗೇ ಮುಗಿಯಿತು. ಸುಲಿದ ಅಡಿಕೆಯಷ್ಟು ದೊಡ್ಡ ಗುರು ಇರಬೇಕಾದದ್ದು 122 ಮೀಟರಿನಲ್ಲಿ, ಗೇಟಿನಾಚೆಯ ಗೂಡಂಗಡಿಯ ಹತ್ತಿರ. ನನ್ನ ಸಹಪಾಠಿಯೊಬ್ಬರು ಅಡಿಕೆ ಎತ್ತಿ ಹಿಡಿದು ಅಲ್ಲಿ ನಿಂತರು. ಸಾಸಿವೆಯ ಪಕ್ಕದಿಂದ ನೋಡಿದರೆ ನಡುವೆ ಸುಮಾರು ನೂರು ಮೀಟರ್. “ಮಿಸ್, ಚುಕ್ಕಿ!” ಎಂದಳು ಒಬ್ಬ ಹುಡುಗಿ. ‘ಎ’ ವಿಭಾಗದ ಹುಡುಗ ಕೇಳಿದ್ದಕ್ಕೆ ಉತ್ತರ ನಾನು ಹೇಳಬೇಕಾಗಿ ಬರಲಿಲ್ಲ. (ಮಾರನೇ ದಿನ ಅವನನ್ನೂ ಕರೆದುಕೊಂಡು ಹೋಗಿ ತೋರಿಸಿದೆ.)

ಶನಿ 225 ಮೀಟರ್. ಯುರೇನಸ್, ನೆಪ್ಚೂನ್ ಕಡಲೆಕಾಳುಗಳು. ಒಂದು 450ರಲ್ಲಿ, ಇನ್ನೊಂದು 700 ಮೀಟರ್ ದಾಟಿ, ಮಕ್ಕಳ ಲೆಕ್ಕದಲ್ಲಿ ಬಸ್ ನಿಲ್ದಾಣದ ಹತ್ತಿರ. “ಹಾಗಾದ್ರೆ ಎಲ್ಲಾ ಖಾಲೀನೇ ಅಲ್ವಾ ಮಿಸ್?” ಎಂದ ಒಬ್ಬ. ಸೌರವ್ಯೂಹದ ಬಗ್ಗೆ ಇಷ್ಟು ನಿಜವಾದ ವಾಕ್ಯವನ್ನು ನನ್ನ ಪಾಠಯೋಜನೆಯಲ್ಲಿ ನಾನು ಬರೆದಿರಲಿಲ್ಲ.

ಬೆಳಕಿನ ವೇಗವೂ ಇಲ್ಲಿ ಕೈಗೆ ಸಿಗುತ್ತದೆ. ಸೂರ್ಯನಿಂದ ನಮಗೆ ಬೆಳಕು ಬರಲು 8 ನಿಮಿಷ 20 ಸೆಕೆಂಡು ಬೇಕು. ಇಪ್ಪತ್ತಮೂರೂವರೆ ಮೀಟರನ್ನು ಅಷ್ಟು ಹೊತ್ತಿನಲ್ಲಿ ದಾಟಬೇಕೆಂದರೆ ಸೆಕೆಂಡಿಗೆ 5 ಸೆಂ.ಮೀ.ಗೂ ಕಡಿಮೆ, ಹೆಚ್ಚುಕಡಿಮೆ ಇರುವೆಯ ನಡಿಗೆ. ಸೆಕೆಂಡಿಗೆ 3 ಲಕ್ಷ ಕಿ.ಮೀ. ಎಂದು ಉರುಹೊಡೆದ ಮಕ್ಕಳು, ಆ ವೇಗವೇ ಇಲ್ಲಿ ಇರುವೆಯಾದದ್ದು ನೋಡಿ ಸುಮ್ಮನಾದರು. ಜ್ಯೋತಿರ್ವರ್ಷ ಕಾಲದ ಅಳತೆಯಲ್ಲ, ದೂರದ ಅಳತೆ ಎಂಬುದಕ್ಕೂ ಇದೇ ಇರುವೆ ಸಾಕು: ಅದು ವರ್ಷವಿಡೀ ನಡೆದರೆ ಕ್ರಮಿಸುವ ದೂರ ಒಂದು ಜ್ಯೋತಿರ್ವರ್ಷ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರದಲ್ಲಿದೆ. ನಮ್ಮ ಫುಟ್‌ಬಾಲಿನ ಲೆಕ್ಕದಲ್ಲಿ ಸುಮಾರು 6,300 ಕಿ.ಮೀ., ಅಂದರೆ ಭಾರತದ ಉತ್ತರ ದಕ್ಷಿಣ ಉದ್ದದ ಹತ್ತಿರ ಹತ್ತಿರ ಎರಡರಷ್ಟು. ಆಕಾಶಗಂಗೆ, ಆಂಡ್ರೊಮಿಡಾ ಎಂದು ಮುಂದೆ ಹೋಗಲು ನಾನು ಯತ್ನಿಸಲಿಲ್ಲ. ಆ ದೂರಗಳು ಈ ಮಾದರಿಗೂ ಸಿಗುವುದಿಲ್ಲ.

ಮನೆಕೆಲಸ ಒಂದೇ. ಸಾಸಿವೆಯ ಬಳಿ ನಿಂತು ಕೈ ಪೂರ್ತಿ ಚಾಚಿ ಪೆನ್ಸಿಲ್ ಹಿಡಿದರೆ ಫುಟ್‌ಬಾಲ್ ಅದರ ಹಿಂದೆ ಮರೆಯಾಗುತ್ತದೆ. ಹುಣ್ಣಿಮೆಯ ಚಂದ್ರನನ್ನೂ ಅದೇ ಪೆನ್ಸಿಲ್ ಮರೆಮಾಡುತ್ತದೆಯೇ ಎಂದು ರಾತ್ರಿ ನೋಡಿ ಬನ್ನಿ ಎಂದೆ. ಮರೆಮಾಡುತ್ತದೆ. ಚಂದ್ರ ಸೂರ್ಯನಿಗಿಂತ ಸುಮಾರು 400 ಪಟ್ಟು ಚಿಕ್ಕವನು, ಸುಮಾರು 400 ಪಟ್ಟು ಹತ್ತಿರದವನು. ಪೂರ್ಣ ಸೂರ್ಯಗ್ರಹಣ ಸಾಧ್ಯವಾಗುವುದು ಇದರಿಂದಲೇ. ಸೂರ್ಯನ ಮೇಲೆ ಮಾತ್ರ ಈ ಪ್ರಯೋಗ ಮಾಡಬಾರದು ಎಂದು ಮೂರು ಸಲ ಹೇಳಿದೆ, ಯಾರಾದರೂ ಇದನ್ನು ಬಳಸುವುದಾದರೆ ನಾಲ್ಕು ಸಲ ಹೇಳಿ.

40 ನಿಮಿಷದ ಅವಧಿಯಲ್ಲಿ ಇದೆಲ್ಲ ಎಲ್ಲಿ ಸಾಧ್ಯ, ಪರೀಕ್ಷೆಯಲ್ಲಿ ಕೇಳುವುದು ಗ್ರಹಗಳ ಹೆಸರು ತಾನೆ ಎಂದು ಸಹಪಾಠಿಗಳು ಕೇಳಿದರು. ಒಪ್ಪುತ್ತೇನೆ, ನನಗೆ ಒಂದೂಕಾಲು ಅವಧಿ ಹಿಡಿಯಿತು, ಗಣಿತದ ಶಿಕ್ಷಕರ ಕಾಲು ಗಂಟೆ ತಿಂದೆ. ಹೆಸರು, ಉಪಗ್ರಹ, ಉಂಗುರ ಎಲ್ಲ ಬೇಕು, ಚಾರ್ಟೂ ಬೇಕು. ಅದು ಎರಡನೇ ದಿನ ಬರಲಿ ಎನ್ನುತ್ತೇನೆ ಅಷ್ಟೇ. ಮೈದಾನದಲ್ಲಿ ನಡೆದು ಬಂದ ಮಗುವಿಗೆ ಚಾರ್ಟ್ ತೋರಿಸಿ “ಇದರಲ್ಲಿ ಸುಳ್ಳು ಎಷ್ಟಿದೆ?” ಎಂದು ಕೇಳಬಹುದು. ಚಾರ್ಟನ್ನು ಮೊದಲು ನೋಡಿದ ಮಗುವಿಗೆ ಆ ಪ್ರಶ್ನೆಯೇ ಅರ್ಥವಾಗುವುದಿಲ್ಲ.

ನಮ್ಮ ಗುರುಗಳಲ್ಲಿ ಒಂದು ವಿನಂತಿ. ವೀಕ್ಷಣಾ ಹಾಳೆಯಲ್ಲಿ ಧ್ವನಿ, ಕಪ್ಪುಹಲಗೆ ಬಳಕೆ, ಉಪಕರಣಗಳಿಗೆ ಅಂಕಣಗಳಿವೆ. ವೀಕ್ಷಕರು ಅದರಂತೆಯೇ ಅಂಕ ಕೊಟ್ಟರು, ಅವರದು ತಪ್ಪಲ್ಲ. ಸಾಸಿವೆ ಡಬ್ಬಿ ಉಪಕರಣದ ಹಾಗೆ ಕಾಣುವುದೂ ಇಲ್ಲ. ಆದರೆ ‘ಮಕ್ಕಳು ಏನು ಕೇಳಿದರು’ ಎಂದು ಬರೆದುಕೊಳ್ಳಲು ಆ ಹಾಳೆಯಲ್ಲಿ ಜಾಗವಿಲ್ಲ. ಎರಡು ಗೆರೆಯಷ್ಟು ಕೊಟ್ಟರೂ ಸಾಕು.

ನನ್ನ ಮೈದಾನದ ಪಾಠವೂ ನಿರ್ದೋಷಿಯಲ್ಲ. ಕಿರುಪರೀಕ್ಷೆಯಲ್ಲಿ ‘ಬಿ’ ವಿಭಾಗದ ಏಳು ಮಂದಿ ಎಲ್ಲ ಗ್ರಹಗಳನ್ನೂ ಒಂದೇ ಸಾಲಿನಲ್ಲಿ, ಬಸ್ ನಿಲ್ದಾಣದ ಕಡೆಗೆ ಬರೆದಿದ್ದರು. ನಾನು ಅವುಗಳನ್ನು ನಿಲ್ಲಿಸಿದ್ದು ಹಾಗೆಯೇ ಅಲ್ಲವೇ? ಮುಂದಿನ ಸಲ ಮಂಗಳ ಬಾವಿಯ ಕಡೆಗೆ, ಗುರು ಹಿಂದಿನ ಗದ್ದೆಯ ಬದುವಿನ ಮೇಲೆ.